ಹದಿಹರೆಯದವರಿಗೆ ಜೀವರಕ್ಷಕ ತರಬೇತಿ: ಕಿರು ಶಿಬಿರವೋ, ಸಮುದಾಯದ ಸಹಭಾಗಿತ್ವವೋ?

ಸ್ಥಳೀಯ ಹದಿಹರೆಯದವರನ್ನೇ ಈಜುಕೊಳದ ಜೀವರಕ್ಷಕರನ್ನಾಗಿ ಸಜ್ಜುಗೊಳಿಸಲು ಹೊರಟವರ ಮುಂದೆ ಎರಡು ದಾರಿಗಳಿರುತ್ತವೆ: ಹೊರಗಿನ ತರಬೇತುದಾರರನ್ನು ಕರೆಸಿ ಕೆಲವೇ ದಿನಗಳಲ್ಲಿ ಮುಗಿಸುವ ಶಿಬಿರ, ಇಲ್ಲವೇ ಶಾಲೆ, ಈಜುಕೊಳದ ಆಡಳಿತ ಮತ್ತು ಸ್ಥಳೀಯ ಸಂಘಗಳು ಕೈಜೋಡಿಸಿ ತಿಂಗಳುಗಟ್ಟಲೆ ನಡೆಸುವ ತರಬೇತಿ.

ಶಿಬಿರಕ್ಕೆ ಓಡಾಟ ಕಡಿಮೆ, ಫಲ ಬೇಗ. ಆದರೆ ಅದು ಈಗಾಗಲೇ ಚೆನ್ನಾಗಿ ಈಜಬಲ್ಲವರಿಗೆ ಮಾತ್ರ. ಕೊಳದ ತಳದಿಂದ ಸುಮಾರು 4.5 ಕೆ.ಜಿ. ತೂಕದ ಇಟ್ಟಿಗೆಯನ್ನೆತ್ತಿ, ಎರಡೂ ಕೈಗಳಿಂದ ಎದೆಗವಚಿಕೊಂಡು, ಅಂಗಾತ ಮಲಗಿ ಕಾಲಿನ ಬಲದಿಂದಲೇ ಈಜಿ ಬರುವಂತಹ ಪ್ರವೇಶ ಪರೀಕ್ಷೆಯಲ್ಲಿ, ಕೊಳದ ಸೌಲಭ್ಯವೇ ಸಿಗದೆ ಬೆಳೆದ ಮಕ್ಕಳು ಮೊದಲ ದಿನವೇ ಹೊರಬೀಳುತ್ತಾರೆ. ಇದು ನನಗೆ ತೀರಾ ಅನ್ಯಾಯವೆನಿಸುತ್ತದೆ.

ಸಹಭಾಗಿತ್ವದಲ್ಲಿ ಶಾಲೆ ಆಸಕ್ತರನ್ನು ಗುರುತಿಸುತ್ತದೆ, ಕೊಳವು ಜನರಿಲ್ಲದ ವೇಳೆಯನ್ನು ಬಿಟ್ಟುಕೊಡುತ್ತದೆ, ಸಂಘ ಶುಲ್ಕ ಭರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಣ್ಣು ಪಳಗಲು ಸಮಯ ಸಿಗುತ್ತದೆ. ಮುಳುಗುತ್ತಿರುವವರು ಕೂಗುವುದು ಅಪರೂಪ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು, ಕೈಗಳು ಸದ್ದಿಲ್ಲದೆ ನೀರನ್ನು ಒತ್ತುತ್ತಿರುತ್ತವೆ. ಅದನ್ನು ಗುಂಪಿನ ನಡುವೆ ಗುರುತಿಸುವುದು ಅನುಭವಿ ಜೀವರಕ್ಷಕರ ಪಕ್ಕದಲ್ಲಿ ಗಂಟೆಗಟ್ಟಲೆ ನಿಂತಾಗಲೇ ಕರಗತವಾಗುತ್ತದೆ.

ಇದರ ದೌರ್ಬಲ್ಯವೆಂದರೆ, ಒಬ್ಬ ಪಾಲುದಾರ ಹಿಂದೆ ಸರಿದರೂ ಎಲ್ಲವೂ ನಿಲ್ಲಬಹುದು. ಹೊಣೆಗಳನ್ನು ಮೊದಲೇ ಬರಹದಲ್ಲಿಡಬೇಕು.

ವಯೋಮಿತಿ ಎರಡಕ್ಕೂ ಅನ್ವಯಿಸುತ್ತದೆ: ಅಮೆರಿಕನ್ ರೆಡ್ ಕ್ರಾಸ್ ಕನಿಷ್ಠ 15 ವರ್ಷ ಕೇಳುತ್ತದೆ, ಅದರ ಪ್ರಮಾಣಪತ್ರ 2 ವರ್ಷ ಮಾತ್ರ ಊರ್ಜಿತವಾಗಿರುತ್ತದೆ. ಒಳ್ಳೆಯ ಈಜುಗಾರರಿದ್ದು, ಕೊಳ ತೆರೆಯಲು ವಾರಗಳಷ್ಟೇ ಉಳಿದಿದ್ದರೆ ಶಿಬಿರವನ್ನು ಆರಿಸಿಕೊಳ್ಳಿ. ಈಜು ಕಲಿಸುವುದರಿಂದಲೇ ಆರಂಭಿಸಬೇಕಾದಲ್ಲಿ ಸಹಭಾಗಿತ್ವವನ್ನೇ ಆರಿಸಿ, ನವೀಕರಣದ ವೆಚ್ಚವನ್ನೂ ಮೊದಲ ಒಪ್ಪಂದದಲ್ಲೇ ಸೇರಿಸಿ.