ಪೋರ್ಟೊದ ನದಿದಂಡೆಯಲ್ಲಿ ಊಟಕ್ಕೆ ಕೂರುವ ಮುನ್ನ

ಪೋರ್ಚುಗಲ್‌ನ ಪೋರ್ಟೊ ನಗರಕ್ಕೆ ಹೊರಟಿರುವವರು ಇದನ್ನು ಓದಿಯೇ ಹೊರಡಬೇಕೆಂದು ನನ್ನ ವಿನಂತಿ. ಮೊದಲ ಸಂಜೆಯೇ ನಾನೂ ನನ್ನ ಪತ್ನಿಯೂ ರಿಬೈರಾ ಎಂಬ ನದಿದಂಡೆಗೆ ಹೋದೆವು. ಎದುರಿಗೆ ದೋರು ನದಿ, ಆಚೆ ದಡದ ಗಾಯಾದಲ್ಲಿ ಕಣಿವೆಯ ದ್ರಾಕ್ಷಿತೋಟಗಳಿಂದ ಬಂದ ಪೋರ್ಟ್ ವೈನನ್ನು ಮಾಗಿಸುವ ಹಳೆಯ ಉಗ್ರಾಣಗಳು, ಎಡಕ್ಕೆ 1886ರ ಕಬ್ಬಿಣದ ಸೇತುವೆ. ಆ ನೋಟಕ್ಕೆ ಮನಸೋತು, ಬಾಗಿಲಲ್ಲಿ ಮೆನು ಹಿಡಿದು ಕರೆಯುತ್ತಿದ್ದವನ ಹೋಟೆಲಿನಲ್ಲಿಯೇ ಕುಳಿತೆವು.

ನಾವು ಏನನ್ನೂ ಹೇಳುವ ಮೊದಲೇ ಬ್ರೆಡ್, ಆಲಿವ್, ಚೀಸ್, ಒಂದು ತಟ್ಟೆ ಸಿಗಡಿ ಮೇಜಿಗೆ ಬಂದವು. ನಮ್ಮಲ್ಲಿ ಎಲೆಯ ತುದಿಗೆ ಉಪ್ಪಿನಕಾಯಿ, ಕೋಸಂಬರಿ ಬಡಿಸುವಂತೆ ಇದೂ ಊಟದ ಭಾಗವೇ ಇರಬೇಕೆಂದು ಭಾವಿಸಿ ತಿಂದೆವು. ಅನಂತರ ಮಾಣಿ ಮಂಜುಗಡ್ಡೆಯ ಮೇಲಿಟ್ಟ ಮೀನುಗಳನ್ನು ತಂದು ತೋರಿಸಿದ. ಮಲ್ಪೆಯಲ್ಲಿ ಕಿವಿರು ಎತ್ತಿ ನೋಡಿ, ದರ ಕೇಳಿಯೇ ಮೀನು ಕೊಳ್ಳುವ ನಾನು ಅಂದು ಕಿವಿರನ್ನಷ್ಟೇ ನೋಡಿದೆ; ದರ ಕೇಳಲಿಲ್ಲ.

ಬಿಲ್ಲು 128 ಯೂರೋ ಆಗಿತ್ತು. ಕಿಲೋಗೆ 60ರಂತೆ 1.3 ಕಿಲೋ ತೂಕದ ರೋಬಾಲು ಮೀನಿಗೆ 78, ಕೇಳದೆ ಬಂದ ತಟ್ಟೆಗಳಿಗೆ 22, ಉಳಿದದ್ದು ಅನ್ನ, ನೀರು, ವೈನಿಗೆ. ಮೆನುವಿನಲ್ಲಿ ಕಿಲೋ ದರವನ್ನು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದರು; ಆದರೆ ನಮ್ಮ ಮೀನನ್ನು ನಮ್ಮೆದುರು ಯಾರೂ ತೂಗಿರಲಿಲ್ಲ. ಮಾತು ಬೆಳೆಸಲಾಗದೆ ಹಣ ಕೊಟ್ಟು ಹೊರಬಂದೆವು. ಪ್ರವಾಸದ ಮೊದಲ ದಿನವೇ ಹೀಗಾದದ್ದು ನನ್ನ ಪತ್ನಿಯನ್ನು ಬಹಳ ನೋಯಿಸಿತು.

ನಾವು ತಂಗಿದ್ದ ಮನೆಯೊಡತಿ ಮರುದಿನ ವಿವರಿಸಿದ ಸಂಗತಿಗಳು ಮೊದಲೇ ಗೊತ್ತಿದ್ದರೆ ಹೀಗಾಗುತ್ತಿರಲಿಲ್ಲ. ಮೊದಲೇ ಬರುವ ಆ ತಟ್ಟೆಗಳಿಗೆ ಅಲ್ಲಿ ‘ಕುವೆರ್’ ಎನ್ನುತ್ತಾರೆ. ಗ್ರಾಹಕ ಕೇಳದ ಯಾವ ಪದಾರ್ಥಕ್ಕೂ ಹಣ ವಿಧಿಸುವಂತಿಲ್ಲವೆಂದು 2015ರ ಪೋರ್ಚುಗೀಸ್ ಕಾನೂನು ಹೇಳುತ್ತದೆಯಾದರೂ, ತಿಂದ ಮೇಲೆ ವಾದಿಸುವುದಕ್ಕಿಂತ, ಬಂದ ಕೂಡಲೇ ಮುಟ್ಟದೆ ಹಿಂದಿರುಗಿಸುವುದು ಸುಲಭ. ಪ್ರತಿ ಹೋಟೆಲಿನಲ್ಲಿಯೂ ದೂರು ಬರೆಯುವ ಪುಸ್ತಕ ಇರಲೇಬೇಕು, ಕೇಳಿದವರಿಗೆ ಅದನ್ನು ಕೊಡಲೇಬೇಕು. ಬರೆದ ದೂರಿನ ಒಂದು ಪ್ರತಿ ನಮ್ಮ ಕೈಗೆ ಸಿಗುತ್ತದೆ. ಮೀನಿನ ವಿಷಯದಲ್ಲಿ, ಒಲೆಗೆ ಹೋಗುವ ಮೊದಲೇ ಎದುರಿಗೆ ತೂಗಿಸಿ, ಒಟ್ಟು ಎಷ್ಟಾಗುತ್ತದೆಂದು ಕಾಗದದ ಮೇಲೆ ಬರೆಸಿಕೊಳ್ಳಿ.

ಸಸ್ಯಾಹಾರಿಗಳು ಇನ್ನೂ ಎಚ್ಚರದಿಂದಿರಬೇಕು. ‘ಕಾಲ್ದು ವೆರ್ದೆ’ ಎಂಬ ಸೊಪ್ಪು, ಆಲೂಗೆಡ್ಡೆಯ ಸೂಪ್ ನೋಡಲು ನಿರಪಾಯವಾಗಿದ್ದರೂ ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ಸಾಸೇಜಿನ ತುಂಡು ಇರುತ್ತದೆ.

ಆಕೆಯ ಸಲಹೆಯಂತೆ ನಾವು ಮೆಟ್ರೋದ ನೀಲಿ ಮಾರ್ಗದಲ್ಲಿ ಮೀನುಗಾರಿಕೆಯ ಬಂದರಾದ ಮಾತೊಸಿನ್ಯುಶ್‌ಗೆ ಹೋದೆವು. ಅಲ್ಲಿನ ಎರೋಯಿಶ್ ದೆ ಫ್ರಾನ್ಸಾ ಬೀದಿಯಲ್ಲಿ ಹೋಟೆಲುಗಳವರು ಬಾಗಿಲ ಹೊರಗೇ ಇದ್ದಿಲ ಕೆಂಡದ ಮೇಲೆ ಮೀನು ಸುಡುತ್ತಾರೆ. ಈ ಸಲ ಬ್ರೆಡ್ ಬೇಡವೆಂದೆ, ದರ ಕೇಳಿದೆ. ಮಾಣಿ ಬೇಸರವಿಲ್ಲದೆ ಮೀನನ್ನು ತಕ್ಕಡಿಗಿಟ್ಟು ತೋರಿಸಿ, ಮೇಜಿನ ಕಾಗದದ ಹಾಸಿನ ಮೇಲೆಯೇ ಲೆಕ್ಕ ಬರೆದುಕೊಟ್ಟ. ಇಬ್ಬರ ಊಟಕ್ಕೆ ಒಟ್ಟು 46 ಯೂರೋ ಆಯಿತು.