ಲಂಡನ್ ಪ್ಯಾಕೇಜ್ ಪ್ರವಾಸ ಮತ್ತು ನಮ್ಮ ಪಟ್ಟಣದ ಹುಲಿ

2023ರ ಜೂನ್ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು, ಮೈಸೂರಿನ ಪ್ರವಾಸ ಸಂಸ್ಥೆಯೊಂದರ ಮೂಲಕ ಲಂಡನ್ನಿಗೆ ಹೋಗಿ ಬಂದೆ. ನಾಲ್ಕು ರಾತ್ರಿ, ಐದು ಹಗಲಿನ ಪ್ಯಾಕೇಜ್. ವೀಸಾ, ವಿಮಾನ, ವಸತಿ, ಬೆಳಗಿನ ಉಪಾಹಾರ, ಮಾರ್ಗದರ್ಶಿ ಎಲ್ಲವೂ ಅದರಲ್ಲಿ ಸೇರಿತ್ತು. ನಾವು ಶ್ರೀರಂಗಪಟ್ಟಣದವರು. ಅಮ್ಮನಿಗೆ ಅರವತ್ತೇಳು ವರ್ಷ, ಮಂಡಿನೋವಿದೆ. ಟಿಪ್ಪುವಿನ ಹುಲಿಗೊಂಬೆಯನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹಳ ದಿನಗಳ ಆಸೆ. ಆ ಗೊಂಬೆ ಇರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ ಹೆಸರು ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚಾಗಿದ್ದುದರಿಂದಲೇ ಬೇರೆ ಮೂರು ಪ್ಯಾಕೇಜುಗಳನ್ನು ಬಿಟ್ಟು ಇದನ್ನು ಆರಿಸಿಕೊಂಡೆವು.

ಮೊದಲು ಸಂಸ್ಥೆಯ ಒಳ್ಳೆಯ ಕೆಲಸವನ್ನು ಹೇಳಬೇಕು. ವೀಸಾದ ಕಾಗದಪತ್ರಗಳನ್ನು ಅವರು ಬಹಳ ಅಚ್ಚುಕಟ್ಟಾಗಿ ಸಿದ್ಧಪಡಿಸಿಕೊಟ್ಟರು. ಅಮ್ಮನ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ರೀತಿ ಇದ್ದುದನ್ನು ಅವರೇ ಗುರುತಿಸಿ ಮುಂಚಿತವಾಗಿ ಸರಿಪಡಿಸಿಸಿದರು. ವಿಮಾನ ನಿಲ್ದಾಣದಿಂದ ಹೋಟೆಲಿನವರೆಗೂ ಯಾವ ಗೊಂದಲವೂ ಆಗಲಿಲ್ಲ.

ತೊಂದರೆ ಶುರುವಾದದ್ದು ನಗರ ವೀಕ್ಷಣೆಯಲ್ಲಿ. ಎರಡು ದಿನಗಳಲ್ಲಿ ಹನ್ನೊಂದು ಸ್ಥಳಗಳು ಎಂದಿತ್ತು. ಬ್ರಿಟಿಷ್ ಮ್ಯೂಸಿಯಂಗೆ ಸಿಕ್ಕಿದ್ದು ನಲವತ್ತು ನಿಮಿಷ. 1753ರಲ್ಲಿ ಸ್ಥಾಪನೆಯಾದ ಅಷ್ಟು ದೊಡ್ಡ ಸಂಗ್ರಹಾಲಯದಲ್ಲಿ ಆ ಹೊತ್ತಿಗೆ ನಾವು ಶೌಚಾಲಯ ಹುಡುಕಿ, ಈಜಿಪ್ಟಿನ ಒಂದು ಕೋಣೆಯನ್ನು ದಾಟಿ ಬಂದದ್ದಷ್ಟೇ. ಎರಡನೆಯ ದಿನ ಬಸ್ಸು ಕ್ರಾಮ್ವೆಲ್ ರಸ್ತೆಯಲ್ಲಿ ಹೋಗುತ್ತಿದ್ದಾಗ ಮಾರ್ಗದರ್ಶಿಯವರು ಕಿಟಕಿಯ ಕಡೆ ಕೈ ತೋರಿಸಿ, "ಇದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್" ಎಂದರು. ಬಸ್ಸು ನಿಲ್ಲಲಿಲ್ಲ. ಪಟ್ಟಿಯಲ್ಲಿದ್ದ ಹೆಸರಿಗೆ 'ಹೊರಗಿನಿಂದ ವೀಕ್ಷಣೆ' ಎಂಬ ಅರ್ಥವಿತ್ತೆಂದು ನಮಗೆ ತಿಳಿದದ್ದು ಆಗಲೇ. ಅಮ್ಮ ಏನೂ ಹೇಳಲಿಲ್ಲ. ಕಟ್ಟಡ ಮರೆಯಾಗುವವರೆಗೂ ಕತ್ತು ತಿರುಗಿಸಿಕೊಂಡು ನೋಡುತ್ತಲೇ ಇದ್ದರು. ಸಂಜೆ ಐದಕ್ಕೇ ನಮ್ಮನ್ನು ಊರಿನ ಅಂಚಿನ ಹೋಟೆಲಿಗೆ ತಂದು ಬಿಟ್ಟರು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ನಾಲ್ಕು ಗಂಟೆಗಳ ಹಗಲನ್ನು ಹೋಟೆಲಿನ ಕೋಣೆಯಲ್ಲಿ ಕಳೆಯುವಂತೆ ಕಾರ್ಯಕ್ರಮ ಹಾಕಿದವರು ಆ ಊರಿನ ಬೇಸಿಗೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಮೂರನೆಯ ದಿನ 'ಖರೀದಿಗೆ ಬಿಡುವು' ಎಂದಿತ್ತು. ನಾವು ಅಂಗಡಿಗಳ ಕಡೆ ಹೋಗದೆ ಬೆಳಿಗ್ಗೆ ಹತ್ತಕ್ಕೆ ಸಂಗ್ರಹಾಲಯದ ಬಾಗಿಲಿನಲ್ಲಿದ್ದೆವು. ಪ್ರವೇಶಕ್ಕೆ ಹಣವಿಲ್ಲ. ಮಂಡಿನೋವಿರುವವರು ಎಕ್ಸಿಬಿಷನ್ ರಸ್ತೆಯ ಕಡೆಯಿಂದ ಬರುವುದು ಒಳ್ಳೆಯದು, ಅಲ್ಲಿ ಮೆಟ್ಟಿಲು ಹತ್ತಬೇಕಿಲ್ಲ. ಹುಲಿ ಇದ್ದದ್ದು ನೆಲಮಹಡಿಯ ನೆಹರೂ ಗ್ಯಾಲರಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಉದ್ದ ಆರಡಿಗೆ ಸ್ವಲ್ಪ ಕಡಿಮೆ. ಪುಸ್ತಕಗಳಲ್ಲಿನ ಚಿತ್ರ ನೋಡಿ ಅದನ್ನು ಆಟಿಕೆಯೆಂದುಕೊಂಡಿದ್ದ ನನಗೆ ಆ ಗಾತ್ರವೇ ಮೊದಲ ಬೆರಗು. ಅಂಗಾತ ಬಿದ್ದಿರುವ ಐರೋಪ್ಯ ಸೈನಿಕನ ಕುತ್ತಿಗೆಗೆ ಹುಲಿ ಬಾಯಿ ಹಾಕಿದೆ. ಅವನ ಕೆಂಪು ಕೋಟು, ಕರಿಯ ಟೋಪಿ, ಬಿಟ್ಟ ಕಣ್ಣುಗಳಲ್ಲಿ ಬಣ್ಣ ಇನ್ನೂ ಉಳಿದಿದೆ. ಹಿಡಿಯನ್ನು ತಿರುಗಿಸಿದರೆ ಅವನ ಕೈ ಮೇಲೇಳುತ್ತಿತ್ತು, ನರಳುವ ಸದ್ದು ಮತ್ತು ಹುಲಿಯ ಗುರುಗುಟ್ಟುವಿಕೆ ಒಟ್ಟಿಗೆ ಕೇಳುತ್ತಿತ್ತು. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ಒಳಗೆ ದಂತದ ಗುಂಡಿಗಳಿರುವ ಪುಟ್ಟ ಆರ್ಗನ್ ವಾದ್ಯವಿದೆ. ಒಂದೇ ಗೊಂಬೆಯೊಳಗೆ ಬಡಗಿ, ಚಿತ್ರಕಾರ, ವಾದ್ಯ ಮಾಡುವವ ಮೂವರೂ ಕೂಡಿ ದುಡಿದಿದ್ದಾರೆ ಎಂಬುದು ಎದುರಿಗೆ ನಿಂತಾಗಲೇ ಮನಸ್ಸಿಗೆ ಇಳಿಯುವುದು.

1799ರ ಮೇ 4ರಂದು ನಮ್ಮ ಪಟ್ಟಣದ ಕೋಟೆ ಬಿದ್ದ ಮೇಲೆ ಇದು ಟಿಪ್ಪುವಿನ ಲಾಲ್ ಮಹಲ್ ಅರಮನೆಯ ವಾದ್ಯಗಳ ಕೋಣೆಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಲೆಡನ್‌ಹಾಲ್ ಬೀದಿಯ ಕಚೇರಿಯಲ್ಲಿ ಪ್ರದರ್ಶನಕ್ಕಿತ್ತು. ಬಂದವರೆಲ್ಲ ಹಿಡಿ ತಿರುಗಿಸುತ್ತಿದ್ದುದರಿಂದ ಅಲ್ಲಿನ ಗ್ರಂಥಾಲಯದಲ್ಲಿ ಓದುವವರು ಸದ್ದಿನ ಬಗ್ಗೆ ದೂರುತ್ತಿದ್ದರಂತೆ. ಎರಡನೆಯ ಮಹಾಯುದ್ಧದಲ್ಲಿ ಮೇಲಿನ ಛಾವಣಿ ಕುಸಿದು ಚೂರುಚೂರಾದದ್ದನ್ನು ಯುದ್ಧ ಮುಗಿದ ನಂತರ ಜೋಡಿಸಿದರು. ಆ ಲಾಲ್ ಮಹಲ್ ಅರಮನೆಯ ಅಡಿಪಾಯ ಮಾತ್ರ ಇಂದು ನಮ್ಮ ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ ಉಳಿದಿದೆ. ಅಮ್ಮ ಚಿಕ್ಕಂದಿನಿಂದ ಅದರ ಪಕ್ಕದಲ್ಲೇ ಓಡಾಡಿದವರು. "ನಮ್ ದೇವಸ್ಥಾನದ ಮಗ್ಗುಲಲ್ಲೇ ಇತ್ತಲ್ಲ ಮಗಾ ಇದು, ಎಷ್ಟು ದೂರ ಬಂದ್ಬುಟ್ಟದೆ ನೋಡು" ಎಂದರು. ಅಲ್ಲಿ ಮುಕ್ಕಾಲು ಗಂಟೆ ನಿಂತೆವು. ನಮ್ಮ ಊರಿನ ವಸ್ತು ನಮ್ಮ ಊರಿನಲ್ಲಿಲ್ಲ ಎಂಬ ನೋವು ನನಗೆ ಇದ್ದೇ ಇದೆ. ಆದರೂ ಅದನ್ನು ಉಳಿಸಿಕೊಂಡಿರುವ ಶ್ರದ್ಧೆಯನ್ನೂ, ಯಾರಿಗಾದರೂ ಹಣವಿಲ್ಲದೆ ತೋರಿಸುವ ಕ್ರಮವನ್ನೂ ಮೆಚ್ಚದೆ ಇರಲಾರೆ. ಹೋಗುವವರು ಪ್ರದರ್ಶನದಲ್ಲಿದೆಯೇ ಎಂದು ಸಂಗ್ರಹಾಲಯದ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ. ಶುಕ್ರವಾರ ರಾತ್ರಿ ಹತ್ತರವರೆಗೂ ತೆರೆದಿರುತ್ತದೆ, ಉಳಿದ ದಿನ ಸಂಜೆ 5.45ರವರೆಗೆ.

ಮಧ್ಯಾಹ್ನದ ಮೇಲೆ ಊರಿನ ಕೆಂಪು ಬಸ್ಸುಗಳನ್ನೇ ನೆಚ್ಚಿದೆವು. ಸುರಂಗ ರೈಲು 1863ರಷ್ಟು ಹಳೆಯದು, ಅನೇಕ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಬಸ್ಸಿನ ನೆಲವಾದರೋ ತಗ್ಗಾಗಿದ್ದು ಹತ್ತಲು ಸುಲಭ. ಆಗ ಒಂದು ಪ್ರಯಾಣಕ್ಕೆ 1.75 ಪೌಂಡ್, ಅಂದರೆ ಸುಮಾರು 180 ರೂಪಾಯಿ. ಒಂದು ಗಂಟೆಯೊಳಗೆ ಬಸ್ಸು ಬದಲಿಸಿದರೆ ಮತ್ತೆ ಹಣ ಹಿಡಿಯುವುದಿಲ್ಲ. ನಗದು ತೆಗೆದುಕೊಳ್ಳುವುದಿಲ್ಲವಾದ್ದರಿಂದ ತಲಾ ಒಂದು ಬ್ಯಾಂಕ್ ಕಾರ್ಡ್ ಬೇಕು, ವಿದೇಶಿ ಬಳಕೆಯನ್ನು ಇಲ್ಲಿಂದಲೇ ತೆರೆಸಿಕೊಂಡಿರಬೇಕು. ಹೀಗೆ ಥೇಮ್ಸ್ ನದಿಯ ಆಲ್ಬರ್ಟ್ ದಂಡೆಗೆ ಹೋಗಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಮುಂದೆ ಕುಳಿತೆವು. ಆಚೆ ದಂಡೆಯಲ್ಲಿ ಸಂಸತ್ ಭವನದ ಗೋಪುರಗಳು ಕಾಣುತ್ತವೆ. ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದರು. ನಮ್ಮ ಮಾರ್ಗದರ್ಶಿಯ ಪಟ್ಟಿಯಲ್ಲಿ ಈ ಜಾಗದ ಹೆಸರೇ ಇರಲಿಲ್ಲ, ಮೈಸೂರಿನಿಂದ ಜನರನ್ನು ಕರೆದೊಯ್ಯುವವರಿಗೆ ಇದು ತಿಳಿದಿರಲೇಬೇಕು.

ನಾಲ್ಕನೆಯ ದಿನ ಗುಂಪಿನೊಂದಿಗೆ ದೋಣಿಯಲ್ಲಿ ಗ್ರೀನಿಚ್‌ಗೆ ಹೋದದ್ದು ಚೆನ್ನಾಗಿತ್ತು. ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ಬೀದಿ ಸಾಕು.

ಇದೇ ಸಂಸ್ಥೆಯ ಮೂಲಕ ಹೋಗುವುದಾದರೆ ವೀಸಾ, ವಿಮಾನ, ವಸತಿ ಮಾತ್ರ ಅವರಿಂದ ಪಡೆಯಿರಿ, ವಸತಿಯೂ ಊರಿನ ಒಳಗಿರಲಿ. ಮುಂಗಡ ಕೊಡುವ ಮೊದಲು ಪಟ್ಟಿಯ ಪ್ರತಿಯೊಂದು ಹೆಸರಿನ ಮುಂದೆ ಒಳಗೆ ಹೋಗುತ್ತೇವೆಯೇ, ಎಷ್ಟು ಹೊತ್ತು ಎಂಬುದನ್ನು ಬರೆಸಿಕೊಳ್ಳಿ. ಮುಂದಿನ ಪಟ್ಟಿಯಲ್ಲಾದರೂ 'ಹೊರಗಿನಿಂದ ವೀಕ್ಷಣೆ' ಎಂದು ಸ್ಪಷ್ಟವಾಗಿ ಅಚ್ಚು ಹಾಕಿಸಬೇಕೆಂದು ಸಂಸ್ಥೆಗೆ ಪತ್ರ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.