ಪುಟ್ಟ ಬೋರ್ಡ್‌ಗಳ ನೆಟ್‌ವರ್ಕ್ ವೇಗ: ಪೋರ್ಟ್ ಒಂದೇ, ದಾರಿ ಬೇರೆ

ಅಂಗೈಯಗಲದ ಕಂಪ್ಯೂಟರ್ ಬೋರ್ಡ್‌ಗಳಾದ ರಾಸ್ಪ್‌ಬೆರಿ ಪೈ 3ಬಿ ಪ್ಲಸ್, ಪೈ 4 ಎರಡಕ್ಕೂ ಗಿಗಾಬಿಟ್ ಈಥರ್ನೆಟ್ (ಸೆಕೆಂಡಿಗೆ 1000 ಮೆಗಾಬಿಟ್‌ನ ತಂತಿ ನೆಟ್‌ವರ್ಕ್) ಎಂಬ ಹಣೆಪಟ್ಟಿ ಇದೆ. ಆದರೆ 2018ರ 3ಬಿ ಪ್ಲಸ್‌ನಲ್ಲಿ ಈಥರ್ನೆಟ್ ಚಿಪ್ ಪ್ರೊಸೆಸರ್‌ಗೆ ಸೇರುವುದು ಯುಎಸ್‌ಬಿ 2.0 ಮೂಲಕ. ತಯಾರಕರೇ ಹೇಳುವ ಗರಿಷ್ಠ ವೇಗ 300 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ಅದೇ ಬೋರ್ಡಿಗೆ ಹಾರ್ಡ್‌ಡಿಸ್ಕ್ ಚುಚ್ಚಿ ಫೈಲ್ ಸರ್ವರ್ ಮಾಡಿದರೆ ಡಿಸ್ಕಿಗೂ ನೆಟ್‌ವರ್ಕಿಗೂ ಇರುವುದು ಒಂದೇ ಕಿಂಡಿ, ವೇಗ ಇನ್ನೂ ಕುಸಿಯುತ್ತದೆ. 2019ರ ಪೈ 4ರಲ್ಲಿ ಈಥರ್ನೆಟ್ ನಿಯಂತ್ರಕ ಪ್ರೊಸೆಸರ್ ಚಿಪ್‌ನೊಳಗೇ ಇದೆ, ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ತಂತ್ರಾಂಶದಲ್ಲಿ 940ರ ಆಸುಪಾಸು ಬರುತ್ತದೆ.

1000 ಯಾಕಿಲ್ಲ ಎಂದು ಕೇಬಲ್ ಬದಲಾಯಿಸಲು ಹೊರಡಬೇಡಿ. ಒಂದು ಪೂರ್ಣ ಫ್ರೇಮ್, ಅಂದರೆ ಒಂದು ಸಲ ಕಳಿಸುವ ದತ್ತಾಂಶದ ಕಟ್ಟು, ತಂತಿಯ ಮೇಲೆ 1538 ಬೈಟ್‌ನಷ್ಟು ಜಾಗ ಹಿಡಿಯುತ್ತದೆ, ಅದರಲ್ಲಿ ಟಿಸಿಪಿಯ (ದತ್ತಾಂಶ ಸಾಗಿಸುವ ನಿಯಮಾವಳಿ) ನಿಜವಾದ ಸರಕು 1448 ಬೈಟ್. ಲೆಕ್ಕ ಹಾಕಿದರೆ ಸಿಗುವುದು 941. ಫಲಿತಾಂಶ 94 ಬಂದಾಗ ಮಾತ್ರ ಕೇಬಲ್ ನೋಡಿ: ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, ಒಂದು ಜೋಡಿ ಕೆಟ್ಟರೂ ಲಿಂಕ್ 100ಕ್ಕೆ ಇಳಿಯಬಹುದು.

ಪೈ 5ರದ್ದೂ ಅದೇ 941. ಬರೀ ಕಾಪಿಯ ವೇಗಕ್ಕಾಗಿ ಪೈ 4 ಬಿಟ್ಟು ಅದನ್ನು ಕೊಳ್ಳುವುದು ದಂಡ. ದತ್ತಾಂಶವನ್ನು ಗೂಢಲಿಪಿಯಲ್ಲಿ ಸಾಗಿಸುವ ವಿಪಿಎನ್ ಇದ್ದರೆ ಮಾತು ಬೇರೆ. ಪೈ 4ರಲ್ಲಿ ಎಇಎಸ್ ಗೂಢಲಿಪಿಗೆ ಹಾರ್ಡ್‌ವೇರ್ ನೆರವಿಲ್ಲ, ಪೈ 5ರಲ್ಲಿದೆ. ಪೈ 4ರಲ್ಲೇ ಉಳಿಯುವವರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ವಾಸಿ, ಅದು ಬಳಸುವ ಚಾಚಾ20 ಗೂಢಲಿಪಿಗೆ ಆ ನೆರವು ಬೇಕಿಲ್ಲ.

ರೂಟರ್ ಮಾಡುವವರಿಗೆ ಎರಡು ಪೋರ್ಟ್ ಬೇಕು. ನ್ಯಾನೋಪೈ ಆರ್2ಎಸ್ ಎಂಬ ಬೋರ್ಡಿನಲ್ಲಿ ಒಂದು ಪೋರ್ಟ್ ಪ್ರೊಸೆಸರ್‌ಗೆ ನೇರ, ಇನ್ನೊಂದು ಯುಎಸ್‌ಬಿ 3.0 ಮೇಲಿನ ರಿಯಲ್‌ಟೆಕ್ ಚಿಪ್. ಯುಎಸ್‌ಬಿ 3.0ರಲ್ಲಿ ಗಿಗಾಬಿಟ್‌ಗೆ ಜಾಗ ಸಾಲದೇ ಹೋಗುವುದಿಲ್ಲ, ಆದರೆ ಸಿಪಿಯು ಮೇಲೆ ಹೊರೆ ಹೆಚ್ಚು. ನ್ಯಾನೋಪೈ ಆರ್4ಎಸ್‌ನಲ್ಲಿ ಎರಡನೆಯದು ಪಿಸಿಐಇ ಎಂಬ ವೇಗದ ಒಳದಾರಿಯ ಮೇಲಿದೆ, ನಮ್ಮ ಆಯ್ಕೆ ಅದೇ. 2.5 ಗಿಗಾಬಿಟ್ ಬೇಕೆಂದರೆ ಆರೆಂಜ್ ಪೈ 5 ಪ್ಲಸ್‌ನಲ್ಲಿ ಅಂಥ ಎರಡು ಪೋರ್ಟ್‌ಗಳಿವೆ. ಮೇಲಿನ ಲೆಕ್ಕದಂತೆ ಅಲ್ಲಿ ಮೇಲ್ಮಿತಿ ಸುಮಾರು 2.35 ಜಿಬಿಪಿಎಸ್.

ಪರೀಕ್ಷೆಯನ್ನು ಕನಿಷ್ಠ 60 ಸೆಕೆಂಡ್ ನಡೆಸಿ, ಎರಡೂ ದಿಕ್ಕಿನಲ್ಲಿ ಅಳೆಯಿರಿ. ಕಳಿಸುವಾಗ ಪೂರ್ಣ ವೇಗ, ಪಡೆಯುವಾಗ ಕಡಿಮೆ ಬಂದರೆ ಜೊತೆಗೇ ಪ್ರತಿ ಕೋರ್‌ನ ಹೊರೆ ತೋರಿಸುವ ಎಚ್‌ಟಾಪ್ ತೆರೆದು ನೋಡಿ. ಒಂದೇ ಕೋರ್ 100 ಶೇಕಡಾ ತಲುಪಿ ಉಳಿದವು ಆಕಳಿಸುತ್ತಿದ್ದರೆ ಇಂಟರಪ್ಟ್‌ಗಳೆಲ್ಲ (ನೆಟ್‌ವರ್ಕ್ ಚಿಪ್ ಪ್ರೊಸೆಸರ್‌ಗೆ ಕೊಡುವ ಕರೆಗಳು) ಆ ಕೋರ್‌ಗೇ ಬೀಳುತ್ತಿವೆ ಎಂದರ್ಥ. ಬಂದ ಪ್ಯಾಕೆಟ್‌ಗಳನ್ನು ಹಲವು ಕೋರ್‌ಗಳಿಗೆ ಹಂಚುವ ಲಿನಕ್ಸ್‌ನ ಆರ್‌ಪಿಎಸ್ ಆನ್ ಮಾಡಿ ಕೆಲಸ ಹಂಚಿ. ಐಪರ್ಫ್3ರ 3.16ಕ್ಕಿಂತ ಹಳೆಯ ಆವೃತ್ತಿಗಳು ಎಷ್ಟು ಸ್ಟ್ರೀಮ್ (ಏಕಕಾಲದ ಸಂಪರ್ಕ) ಕೊಟ್ಟರೂ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಹೊತ್ತಿಗೆ ಒಂದೇ ಕೋರ್‌ನಲ್ಲಿ, ಓಡುತ್ತವೆ. ಹಾಗಾಗಿ ಬೋರ್ಡನ್ನು ಬಯ್ಯುವ ಮೊದಲು ಆವೃತ್ತಿ ನೋಡುವುದು ಒಳ್ಳೆಯದು.

ವೈಫೈ? ಪೈ 4, ಪೈ 5 ಎರಡರಲ್ಲೂ ಒಂದೇ ಆಂಟೆನಾ, ಲಿಂಕ್ ದರವೇ ಗರಿಷ್ಠ 433, ನಿಜವಾಗಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಲೋಹದ ಡಬ್ಬಿಯೊಳಗೆ ಕೂರಿಸಿದರೆ ಅದೂ ಇಲ್ಲ.